ರಬ್ಬರ್ ಕಾಂಪೌಂಡ್‌ಗೆ ‘ಸಂಯುಕ್ತ’ ಸರಿಹೋಗುತ್ತಾ? ಜೊತೆಗೆ ಇನ್ನೂ ಕೆಲವು ಪದಗಳು

ಗೆಳೆಯರೇ,

ರಬ್ಬರ್ ಪರೀಕ್ಷೆ ಮಾಡುವ ಲ್ಯಾಬ್‌ಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾರೋ ತಂದುಕೊಟ್ಟ ಆಯಿಲ್ ಸೀಲ್‌ನಲ್ಲೋ ಗ್ಯಾಸ್ಕೆಟ್‌ನಲ್ಲೋ ಏನೇನು ಬೆರೆತಿದೆ ಅಂತ ಪತ್ತೆ ಮಾಡುವುದು ಹೇಗೆ ಅನ್ನುವುದೇ ಅದರ ವಿಷಯ. ಲ್ಯಾಬ್‌ನಲ್ಲಿ ಮಾತಾಡುವಾಗ ಇಂಗ್ಲಿಷ್ ಪದ ಹಾಕಿ ಸಾಗಿಸಿಬಿಡುತ್ತೇವೆ. ಬರೆಯಲು ಕೂತರೆ ಕೆಲವು ಪದಗಳು ಕೈಕೊಡುತ್ತವೆ.

ಮೊದಲು ಕಾಂಪೌಂಡ್. ಶಾಲೆಯ ಪಾಠದ ಪ್ರಕಾರ ಇದು ‘ಸಂಯುಕ್ತ’. ಆದರೆ ಸಂಯುಕ್ತ ಅಂದರೆ ನೀರು, ಉಪ್ಪು ಇಂಥವು ಅಲ್ವಾ? ರಬ್ಬರ್ ಕಾಂಪೌಂಡ್ ಹಾಗಲ್ಲ. ರಬ್ಬರ್, ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಪುಡಿ, ಎಣ್ಣೆ, ಸತುವಿನ ಆಕ್ಸೈಡ್, ಸ್ಟಿಯರಿಕ್ ಆಮ್ಲ, ಗಂಧಕ, ಬೇಯುವುದನ್ನು ಚುರುಕು ಮಾಡುವ ಆಕ್ಸಿಲರೇಟರ್ ಎಲ್ಲವನ್ನೂ ರೋಲರ್‌ಗಳ ನಡುವೆ ಅರೆದು ಕಲಸಿದ್ದು. ಹಾಗಾಗಿ ‘ಮಿಶ್ರಣ’ ಅಂದರೆ ಒಪ್ಪುತ್ತದೆ. ಆದರೆ ಅಚ್ಚಿಗೆ ಹಾಕಿ ಕಾಯಿಸಿದ ಮೇಲೆ ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಆಗ ಅದನ್ನು ಬರೀ ಮಿಶ್ರಣ ಅನ್ನೋಕೂ ಆಗಲ್ಲ. ಸದ್ಯಕ್ಕೆ ‘ಹಸಿ ಮಿಶ್ರಣ’, ‘ಬೆಂದ ರಬ್ಬರ್’ ಅಂತ ಬರೆದಿಟ್ಟಿದ್ದೇನೆ. ಹೀಗೆ ಬೇಯಿಸಿ ಬೆಸೆಯುವುದಕ್ಕೆ ‘ವಲ್ಕನೀಕರಣ’ ಬಳಸಿ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಆ ಪದವೂ ಹೀಗೇ ಒಬ್ಬ ಗೆಳೆಯರು ಸೂಚಿಸಿದ್ದೇ. ಇಂಗ್ಲೆಂಡಿನ ರಬ್ಬರ್ ತಯಾರಕ ಥಾಮಸ್ ಹ್ಯಾನ್‌ಕಾಕ್ ಅವರಿಗೆ ಅವರ ಗೆಳೆಯ ವಿಲಿಯಂ ಬ್ರಾಕೆಡನ್ ಅವರು ರೋಮನ್ನರ ಬೆಂಕಿ ದೇವರು ವಲ್ಕನ್ ಹೆಸರಿನಿಂದ ಮಾಡಿಕೊಟ್ಟ ಪದ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಮಾಡಿದ್ದ ರಬ್ಬರಿನ ಚೂರುಗಳನ್ನು 1842ರಲ್ಲಿ ಹ್ಯಾನ್‌ಕಾಕ್ ಕೈಗೆ ಕೊಟ್ಟವರೂ ಇದೇ ಬ್ರಾಕೆಡನ್. ಆ ಚೂರಿನ ಮೇಲಿದ್ದ ಹಳದಿ ಪುಡಿಯಿಂದ ಗಂಧಕದ ಸುಳಿವು ಸಿಕ್ಕಿತು ಅಂತ ಹೇಳುತ್ತಾರೆ. ನಾವು ಲ್ಯಾಬ್‌ನಲ್ಲಿ ಮಾಡುವ ಪತ್ತೇದಾರಿಕೆ ಅಲ್ಲಿಂದಲೇ ಶುರುವಾಯಿತು ಅನ್ನಿ.

ಎರಡನೆಯದು ಎಕ್ಸ್‌ಟ್ರಾಕ್ಟ್. ರಬ್ಬರನ್ನು ಸಣ್ಣಗೆ ಕತ್ತರಿಸಿ ಸಾಕ್ಸ್‌ಲೆಟ್ ಗಾಜಿನ ಕೊಳವೆಯಲ್ಲಿಟ್ಟು ಗಂಟೆಗಟ್ಟಲೆ ಬಿಸಿ ಅಸಿಟೋನ್ ಹಾಯಿಸುತ್ತೇವೆ. ಎಣ್ಣೆ, ಮೇಣ, ಆಂಟಿಆಕ್ಸಿಡೆಂಟ್‌ಗಳು ಕರಗಿ ಕೆಳಗಿನ ಫ್ಲಾಸ್ಕ್‌ಗೆ ಇಳಿಯುತ್ತವೆ. ಇದಕ್ಕೆ ‘ಸಾರ’ ಅಂದರೆ ತಪ್ಪು ಅರ್ಥ ಬರುತ್ತದೆ. ಸಾರ ಅಂದರೆ ಮುಖ್ಯವಾದದ್ದು, ಆದರೆ ಇಲ್ಲಿ ಮುಖ್ಯವಾದ ರಬ್ಬರ್ ಮೇಲೆಯೇ ಉಳಿದಿರುತ್ತದೆ. ಬಸ್ಸಾರಿನಲ್ಲಿ ಕಾಳು ಸೊಪ್ಪು ಬೇಯಿಸಿ ನೀರು ಬಸಿಯುತ್ತೇವಲ್ಲ, ಆ ಬಸಿಯುವುದೇ ಇದಕ್ಕೆ ಹತ್ತಿರ. ‘ಅಸಿಟೋನ್ ಬಸಿ’ ಅಂದರೆ ಓದುವವರಿಗೆ ಅರ್ಥ ಆಗುತ್ತಾ? ಬರೀ ತಮಾಷೆ ಅನ್ನಿಸಿದರೂ ಹೇಳಿ.

ಮುಂದಿನ ಹಂತಕ್ಕೆ ಮಾತ್ರ ಕನ್ನಡದಲ್ಲೇ ಒಳ್ಳೆಯ ಪದಗಳಿವೆ. ಟಿಜಿಎ ಅನ್ನುವ ಯಂತ್ರ ಇದೆ, ಕಾಯಿಸುತ್ತಲೇ ತೂಗುವ ತಕ್ಕಡಿ. ಪುಟಾಣಿ ಬಟ್ಟಲಿಗೆ ಸುಮಾರು 10 ಮಿಲಿಗ್ರಾಂ ರಬ್ಬರ್ ಹಾಕುತ್ತೇವೆ. ಸುತ್ತ ಸಾರಜನಕ ಇರುವುದರಿಂದ ಬೆಂಕಿ ಹತ್ತಲ್ಲ. ಸುಮಾರು 300 ಡಿಗ್ರಿಯೊಳಗೆ ಎಣ್ಣೆ ಹೆಚ್ಚುಕಡಿಮೆ ಹೋಗುತ್ತದೆ. 550ರ ಹೊತ್ತಿಗೆ ರಬ್ಬರ್ ಒಡೆದು ಹೋಗಿರುತ್ತದೆ. ಆಮೇಲೆ ಸಾರಜನಕ ನಿಲ್ಲಿಸಿ ಗಾಳಿ ಬಿಟ್ಟರೆ ಕಾರ್ಬನ್ ಬ್ಲ್ಯಾಕ್ ಉರಿದುಹೋಗುತ್ತದೆ. ಕೊನೆಗೆ ಉಳಿಯುವುದು ಬೂದಿ. ಬೂದಿಯಲ್ಲಿ ಸತುವಿನ ಆಕ್ಸೈಡ್ ಜಾಸ್ತಿ ಇದ್ದರೆ ಬಿಸಿಯಾಗಿರುವಾಗ ಹಳದಿ ಕಾಣುತ್ತದೆ, ಆರಿದರೆ ಬಿಳಿ. ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ನೊರೆ ಬಂದರೆ ಸುಣ್ಣಕಲ್ಲಿನ ಪುಡಿ ಇರಬಹುದು.

ತೊಡಕು ಇರುವುದು ಕಪ್ಪಿನಲ್ಲಿ. ಕಾರ್ಬನ್ ಬ್ಲ್ಯಾಕ್ ಅಂದರೆ ಕಾರ್ಖಾನೆಯವರೇ ಸೇರಿಸಿದ ಕಪ್ಪು. ಆದರೆ ನೈಟ್ರೈಲ್, ನಿಯೋಪ್ರೀನ್ ರಬ್ಬರ್‌ಗಳು ಸಾರಜನಕದಲ್ಲಿ ಕಾದಾಗ ತಾವೇ ಸ್ವಲ್ಪ ಕರಿಕಾಗಿ ಉಳಿಯುತ್ತವೆ. ಗಾಳಿ ಬಿಟ್ಟಾಗ ಅದೂ ಉರಿಯುತ್ತದೆ, ಕಾರ್ಬನ್ ಬ್ಲ್ಯಾಕ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ. ‘ಇಂಗಾಲ’ ಅಂತ ಒಂದೇ ಪದ ಬಳಸಿದರೆ ಇವೆರಡೂ ಕಲಸಿಹೋಗುತ್ತವೆ. ಅದಕ್ಕೇ ಸೇರಿಸಿದ್ದನ್ನು ‘ಮಸಿ’, ರಬ್ಬರೇ ಸುಟ್ಟು ಆದದ್ದನ್ನು ‘ಇದ್ದಿಲು’, ಕೊನೆಗೆ ಉಳಿದದ್ದನ್ನು ‘ಬೂದಿ’ ಅಂತ ಬರೆದಿದ್ದೇನೆ. ಮಸಿಗೆ ಬದಲು ‘ಕಾಡಿಗೆ’ ಅಂತ ಒಬ್ಬರು ಹೇಳಿದರು. ನನಗೆ ಕಣ್ಣೇ ನೆನಪಾಗುತ್ತದೆ, ಬೇಡ. ಮಸಿ ಅಂದರೆ ಶಾಯಿ ಅಂದುಕೊಳ್ಳುವವರು ಇದ್ದಾರಾ ಈಗ?

ರಬ್ಬರ್ ಯಾವುದು ಅನ್ನುವುದಕ್ಕೆ ಎಫ್‌ಟಿಐಆರ್ ಇದೆ, ರಬ್ಬರ್ ಇನ್‌ಫ್ರಾರೆಡ್ ಬೆಳಕನ್ನು ಎಲ್ಲೆಲ್ಲಿ ಹೀರುತ್ತದೆ ಅಂತ ತೋರಿಸುವ ಯಂತ್ರ. ನೈಟ್ರೈಲ್ ಆದರೆ ಅಲೆಸಂಖ್ಯೆ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ) 2237ರ ಆಸುಪಾಸಿನಲ್ಲಿ ಒಂದು ಚೂಪು ಗೆರೆ ಬರುತ್ತದೆ. ಇಲ್ಲಿ ಪದದ ತಾಪತ್ರಯ ಅಷ್ಟಿಲ್ಲ, ಹೆಸರುಗಳನ್ನು ಹಾಗೇ ಬಿಟ್ಟಿದ್ದೇನೆ.

ಇಡೀ ಕೆಲಸಕ್ಕೆ ‘ಫಾರ್ಮುಲಾ ಬಿಡಿಸುವುದು’ ಅಂತ ಹೆಸರಿಡಬೇಕು ಅಂತಿದ್ದೆ. ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಚೆನ್ನಾಗಿ ಹೊಂದುತ್ತದೆ. ಒಂದೇ ಅನುಮಾನ. ಲೆಕ್ಕ ಬಿಡಿಸಿದರೆ ಉತ್ತರ ಪೂರ್ತಿ ಬಂದಿದೆ ಅಂತ ಅರ್ಥ. ಇಲ್ಲಿ ಹಾಗಾಗಲ್ಲ. ಸಿಬಿಎಸ್ ಅನ್ನುವ ಆಕ್ಸಿಲರೇಟರ್ ಹಾಕಿದ್ದರೆ ಬೇಯುವಾಗ ಅದು ಒಡೆದುಹೋಗುತ್ತದೆ. ನಮಗೆ ಸಿಗುವುದು ಬೆಂಜೋಥಯಾಜೋಲ್‌ನಂಥ ತುಣುಕು. ಎಂಬಿಟಿಎಸ್ ಅನ್ನುವ ಇನ್ನೊಂದು ಆಕ್ಸಿಲರೇಟರ್ ಹಾಕಿದ್ದರೂ ಅದೇ ತುಣುಕು ಬರುತ್ತದೆ. ಹಾಕಿದ್ದು ಯಾವುದು ಅನ್ನುವುದು ಆಗ ಅನುಭವದ ಊಹೆ. ಗಿರಾಕಿ ಮಾತ್ರ ವರದಿ ಬಂದ ಕೂಡಲೇ ಅದೇ ರಬ್ಬರ್ ಮಾಡಿಬಿಡಬಹುದು ಅಂದುಕೊಳ್ಳುತ್ತಾನೆ. ಅದಕ್ಕೇ ‘ಘಟಕಗಳ ಪತ್ತೆ’ ಅಂತ ಸುಮ್ನೆ ಇಟ್ಟರೆ ವಾಸಿಯೇನೋ.

ಕೊನೆಯದು ನನಗೆ ನಿಜಕ್ಕೂ ಬೇಕಾಗಿರುವುದು: ಪಿಎಚ್‌ಆರ್. ರಬ್ಬರಿನವರು ಎಲ್ಲ ಲೆಕ್ಕವನ್ನೂ 100 ಭಾಗ ರಬ್ಬರಿಗೆ ಇಷ್ಟು ಅಂತ ಹಾಕುತ್ತಾರೆ. ಪರೀಕ್ಷೆಯಲ್ಲಿ ಬರುವುದು ಶೇಕಡಾ. ಒಂದು ತುಂಡಿನಲ್ಲಿ ರಬ್ಬರ್ ಶೇ. 50, ಮಸಿ ಶೇ. 30 ಅಂತಿಟ್ಟುಕೊಳ್ಳಿ. ಆಗ ಮಸಿ 60 ಪಿಎಚ್‌ಆರ್. ಇದನ್ನು ‘ನೂರಕ್ಕೆ 60’ ಅಂತ ಬರೆದರೆ ಯಾರು ಓದಿದರೂ ಶೇ. 60 ಅಂತಲೇ ತಿಳಿಯುತ್ತಾರೆ. ‘ನೂರರ ಮೇಲೆ 60’ ಅಂದರೆ 160 ಅನ್ನಿಸುತ್ತದೆ. ‘ನೂರು ರಬ್ಬರಿಗೆ 60’ ಅಂತ ಬರೆದು ನೋಡಿದೆ. ಅರ್ಥ ಸರಿ, ಕೋಷ್ಟಕದ ತಲೆಯಲ್ಲಿ ಹಿಡಿಸಲ್ಲ. ಚಿಕ್ಕದಾದ, ಶೇಕಡಾ ಜೊತೆ ಕಲಸಿಹೋಗದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.