ಆರನೇ ಕ್ಲಾಸಿನ ಕನ್ನಡ ಪಾಠದಿಂದ ಮನೆಯವರು ಏನು ನಿರೀಕ್ಷಿಸಬೇಕು?

ಕಲ್ಲಹಳ್ಳಿ ಅಮ್ಮ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಮಗಳು ಈ ಜೂನ್‌ನಲ್ಲಿ ಆರನೇ ಕ್ಲಾಸಿಗೆ ಬಂದಳು. ಇಂಗ್ಲಿಷ್ ಮೀಡಿಯಂ, ಆದರೆ ಕನ್ನಡ ಪ್ರಥಮ ಭಾಷೆ.

ಅವಳ ಕನ್ನಡ ನೋಟ್ಸ್ ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಪ್ರತಿ ಪುಟಕ್ಕೂ ಕೆಂಪು ರೈಟ್ ಮಾರ್ಕು, ಕೆಳಗೆ ಸಹಿ. ಮೊದಲ ಎಫ್‌ಎ ಪರೀಕ್ಷೆಯಲ್ಲಿ ಎ ಪ್ಲಸ್. ಆದರೂ ಹದಿನೈದು ದಿನದಿಂದ ನನಗೆ ಸಮಾಧಾನ ಇಲ್ಲ.

ಆಗಿದ್ದು ಇಷ್ಟು. ಕೆ.ಎಂ. ದೊಡ್ಡಿ ಹತ್ತಿರ ನಮ್ಮ ತಾಯಿ ಮನೆಯಲ್ಲಿ ಹಸು ಕರು ಹಾಕಿತು. ಫೋನಿನಲ್ಲಿ ಕೇಳಿದ ಮಗಳು ಕುಣಿದಾಡಿಬಿಟ್ಟಳು. ಅಜ್ಜಿಗೆ ಒಂದು ಕಾಗದ ಬರಿ ಅಂದೆ. ಅರ್ಧ ಗಂಟೆ ಕೂತಳು. ತಂದು ಕೊಟ್ಟಿದ್ದು ಹೀಗಿತ್ತು: "ಇವರಿಗೆ, ಅಜ್ಜಿಯವರು. ಮಾನ್ಯರೇ, ವಿಷಯ: ಕರು ಹುಟ್ಟಿದ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ". ಅಲ್ಲಿಗೆ ನಿಂತಿತ್ತು. "ಮುಂದೆ ಏನಮ್ಮಾ ಬರೀಬೇಕು? ಮಿಸ್ ಇಷ್ಟೇ ಬರೆಸಿದ್ದು" ಅಂದಳು. ಕಣ್ಣಲ್ಲಿ ನೀರಿತ್ತು.

ಆಮೇಲೆ ಪಕ್ಕದ ಮನೆ ಹುಡುಗಿಯ ನೋಟ್ಸ್ ತರಿಸಿ ನೋಡಿದೆ. ಇಬ್ಬರದೂ ಒಂದೇ ಉತ್ತರ. ಒಂದು ಒತ್ತಕ್ಷರದ ತಪ್ಪು ಕೂಡ ಎರಡರಲ್ಲೂ ಒಂದೇ ಸಾಲಿನಲ್ಲಿದೆ. ಬೋರ್ಡ್ ನೋಡಿ ಇಳಿಸಿಕೊಂಡಿದ್ದಾರೆ.

ಬರುವ ಶನಿವಾರ ಪೋಷಕರ ಸಭೆ ಇದೆ. ಆರು, ಏಳು, ಎಂಟನೇ ಕ್ಲಾಸಿನಲ್ಲಿ ಕನ್ನಡ ಪಾಠ ಅಂದರೆ ಏನೇನು ಇರಬೇಕು? ಟೀಚರ್ ಹತ್ತಿರ ನಾನು ಏನು ಕೇಳಬಹುದು? ಅವರ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ಒಳ್ಳೆಯವರು.

ಕುವೆಂಪುನಗರದ ಅಪ್ಪ, ಮೈಸೂರು

ಮೇಡಂ, ಇಲ್ಲಿ ಓದುವ ಬೇರೆ ಪೋಷಕರಿಗೂ ಅನುಕೂಲ ಆಗಲಿ ಅಂತ ಒಂದು ಮಾತು. ಮೊದಲು ನಿಮ್ಮ ಮಗುವಿಗೆ ಕನ್ನಡ ಎಷ್ಟನೇ ಭಾಷೆ ಅಂತ ನೋಡಿಕೊಳ್ಳಿ. ರಾಜ್ಯ ಪಠ್ಯದಲ್ಲಿ ಪ್ರಥಮ ಭಾಷೆಗೆ 'ಸಿರಿ ಕನ್ನಡ', ದ್ವಿತೀಯ ಭಾಷೆಗೆ 'ತಿಳಿ ಕನ್ನಡ'. ಎರಡರ ಮಟ್ಟ ಬೇರೆ ಬೇರೆ. ನನ್ನ ಮಗನದು ತಿಳಿ ಕನ್ನಡ. ಅವನನ್ನು ಅವನ ಅತ್ತೆ ಮಗನ ಜೊತೆ ಹೋಲಿಸಿ ಒಂದು ವರ್ಷ ಸುಮ್ನೆ ಬೈದೆ, ಆಮೇಲೆ ಗೊತ್ತಾಯಿತು. ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನೊಂದು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಇದೆ, ಉಳಿದ ವಿಷಯಗಳಿಗೆ ತಲಾ 100. ಗಣಿತಕ್ಕೆ ಟ್ಯೂಷನ್ ಇಡುವ ನಾವು ಕನ್ನಡ ತಾನಾಗೇ ಬರುತ್ತದೆ ಅಂದುಕೊಳ್ಳುತ್ತೇವೆ. ನೀವು ಆರನೇ ಕ್ಲಾಸಿನಲ್ಲೇ ಗಮನಿಸಿದ್ದು ಒಳ್ಳೆಯದಾಯಿತು.

ನಿವೃತ್ತ ಕನ್ನಡ ಟೀಚರ್, ಸರಸ್ವತಿಪುರಂ

ಅಮ್ಮಾ, ನಿಮ್ಮ ಮಗಳ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮದ್ದೂರು ತಾಲ್ಲೂಕಿನ ಹಳ್ಳಿಗಳಲ್ಲಿ, ಕೊನೆಗೆ ಮೈಸೂರಿನಲ್ಲಿ, ಒಟ್ಟು 31 ವರ್ಷ ಕನ್ನಡ ಹೇಳಿಕೊಟ್ಟವಳು ನಾನು. ಇಂಥ ಕಾಗದ ನಾನೂ ಬರೆಸಿದ್ದೇನೆ. ರಜಾ ಅರ್ಜಿ ಪರೀಕ್ಷೆಗೆ ಬರುತ್ತದೆ ಅಂತ ಮೊದಲು ಅದನ್ನೇ ಕಲಿಸುತ್ತೇವೆ. ಕಾಗದ ಅಂದರೆ ಅದೊಂದೇ ಅಂತ ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ.

ಸಭೆಯಲ್ಲಿ ಒಂದೇ ಒಂದು ಕೇಳಿ. ಜೂನ್‌ನಿಂದ ಇಲ್ಲಿವರೆಗೆ ನನ್ನ ಮಗಳು ತಾನೇ ಯೋಚಿಸಿ ಬರೆದ ಐದು ವಾಕ್ಯ ಯಾವ ನೋಟ್ಸಿನಲ್ಲಿದೆ, ತೋರಿಸುತ್ತೀರಾ ಅಂತ. ಆ ಪುಟ ಇದ್ದರೆ ಅದರಲ್ಲಿ ತಪ್ಪುಗಳು ಇರಬೇಕು. ಹೊಡೆದು ಹಾಕಿ ಮತ್ತೆ ಬರೆದ ಪದಗಳು ಇರಬೇಕು. ಪಕ್ಕದಲ್ಲಿ ಟೀಚರ್ "ಯಾಕೆ ಹೆದರಿಕೆ ಆಯಿತು?", "ಆಮೇಲೆ?" ಅಂತ ಏನಾದರೂ ಕೇಳಿರಬೇಕು. ಹನ್ನೊಂದು ವರ್ಷದ ಮಗುವಿನ ನೋಟ್ಸಿನಲ್ಲಿ ಒಂದೂ ತಪ್ಪಿಲ್ಲ ಅಂದರೆ ಅದು ಆ ಮಗುವಿನ ಮಾತಲ್ಲ.

ಆರನೇ ಕ್ಲಾಸ್ ಮುಗಿಯುವ ಹೊತ್ತಿಗೆ ಗೊತ್ತಿಲ್ಲದ ಒಂದು ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದಬೇಕು. ಓದಿದ ಕಥೆಯನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಬೇಕು, ಆರೇಳು ವಾಕ್ಯ ಜೋಡಿಸಿ ಬರೆಯಬೇಕು. ಏಳರಲ್ಲಿ ಗಾದೆ ವಿಸ್ತರಣೆ, ಪ್ರಬಂಧ ಬಂದಾಗ ತನ್ನ ಊರಿನ ಒಂದು ಉದಾಹರಣೆ ತಾನೇ ಹುಡುಕಬೇಕು. ಎಂಟಕ್ಕೆ ಬಂದಾಗ "ನನಗೆ ಹೀಗನ್ನಿಸುತ್ತದೆ, ಯಾಕೆಂದರೆ" ಅಂತ ಒಂದು ಪುಟ ಬರೆಯುವಷ್ಟು ಧೈರ್ಯ ಬಂದಿರಬೇಕು. ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯ ಎದುರಾಗುತ್ತದೆ. ಅದನ್ನು ಬಿಡಿಸಿಕೊಳ್ಳುವ ತಾಳ್ಮೆ ಈ ಮೂರು ವರ್ಷದಲ್ಲೇ ಬರಬೇಕು.

ವ್ಯಾಕರಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಪ, ಆಗಮ, ಆದೇಶ ಅಂತ ಸಂಧಿಗಳ ಹೆಸರು ಉರು ಹೊಡೆಸುವ ಮೊದಲು ಮಗುವಿನ ಬಾಯಿಂದಲೇ ಅದನ್ನು ಹೊರಡಿಸಬೇಕು. ಊರು, ಅಲ್ಲಿ, ಎರಡನ್ನೂ ಬೇಗ ಬೇಗ ಸೇರಿಸಿ ಹೇಳು ಅಂದರೆ 'ಊರಲ್ಲಿ' ಅನ್ನುತ್ತದೆ. ಒಂದು 'ಉ' ಬಿದ್ದುಹೋಯಿತು. ಮನೆ, ಅಲ್ಲಿ, ಸೇರಿಸಿದರೆ 'ಮನೆಯಲ್ಲಿ'. ಎಲ್ಲಿಂದಲೋ 'ಯ್' ಬಂತು. ಮಳೆ, ಕಾಲ, ಸೇರಿಸಿದರೆ 'ಮಳೆಗಾಲ'. 'ಕ' ಹೋಗಿ 'ಗ' ಆಯಿತು. ಇಷ್ಟು ಕಂಡುಕೊಂಡ ಮಗುವಿಗೆ ಹೆಸರು ಆಮೇಲೆ ಹೇಳಿ, ಮರೆಯುವುದಿಲ್ಲ.

ಕಂಠಪಾಠದ ಬಗ್ಗೆ ಕೆಲವರು ಮೂಗು ಮುರಿಯುತ್ತಾರೆ. ನಾನು ಅದರ ಪರ. ಬಾಯಿಗೆ ಬಂದ ಪದ್ಯ ಸಾಯೋವರೆಗೆ ಜೊತೆಗಿರುತ್ತದೆ. ಬೇಡದ್ದು ಕವಿ ಪರಿಚಯದ ಉರು. ಪು.ತಿ.ನ., 1905, ಮೇಲುಕೋಟೆ. ಕೆ.ಎಸ್. ನರಸಿಂಹಸ್ವಾಮಿ, 1915, ಕಿಕ್ಕೇರಿ. ಎರಡೂ ನಿಮ್ಮ ಜಿಲ್ಲೆಯ ಊರು, ಅಲ್ವಾ? ಮೇಲುಕೋಟೆಯಲ್ಲಿ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಒಂದು ವಿಷಯ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, "ಬೆಳಗ್ಗೆ ನಾನು ಏನು ಮಾಡಿದೆ" ಅಂತ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ ಬರೆದಿದ್ದ: "ಡೇರಿಗೆ ಆಲು ಆಕಿ ಬಂದೆ. ಕ್ಯಾನು ತುಂಬ ಬಾರ ಇತ್ತು. ಕೈ ಬದಲಾಯಿಸ್ಕಂಡು ಬದಲಾಯಿಸ್ಕಂಡು ಓದೆ". ಕೊನೆಯದು ಪುಸ್ತಕ ಓದಿದ್ದಲ್ಲ, ಹೋದೆ ಅಂತ. ನಾನು ಆಲು, ಆಕಿ, ಬಾರ, ಓದೆ, ನಾಲ್ಕಕ್ಕೂ ಕೆಂಪು ಸುತ್ತು ಹಾಕಿ, ಹತ್ತು ಹತ್ತು ಸಲ ಬರಿ ಅಂದೆ. ಆ ಪುಟ್ಟ ಕೈ ಭಾರ ತಾಳಲಾರದೆ ಕ್ಯಾನನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿದ್ದು ನನ್ನ ಕಣ್ಣಿಗೇ ಬೀಳಲಿಲ್ಲ. ಅದಾದ ಮೇಲೆ ವರ್ಷ ಪೂರ್ತಿ ಅವನು ಬರೆದಿದ್ದು ಮೂರೇ ವಾಕ್ಯ. ಎದ್ದೆ, ಸ್ನಾನ ಮಾಡಿದೆ, ಶಾಲೆಗೆ ಬಂದೆ. ತಪ್ಪಾಗದ ಪದಗಳನ್ನೇ ಹುಡುಕಿ ಹುಡುಕಿ ಬರೆಯುತ್ತಿದ್ದ. ಅದು ನನಗೆ ಅರ್ಥವಾಗುವ ಹೊತ್ತಿಗೆ ಅವನು ಏಳನೇ ಕ್ಲಾಸ್ ಮುಗಿಸಿ ಹೋಗಿದ್ದ. ಈಗಲೂ ಸಂಕಟವಾಗುತ್ತದೆ.

ಆಮೇಲಿನ ಮಕ್ಕಳಿಗೆ ಅಂಗೈಯನ್ನು ಬಾಯಿ ಮುಂದೆ ಹಿಡಿಸಿ 'ಆಲು', 'ಹಾಲು' ಅಂತ ಹೇಳಿಸುತ್ತಿದ್ದೆ. ಹಾಲು ಅಂದಾಗ ಅಂಗೈಗೆ ಬಿಸಿ ಗಾಳಿ ತಾಗುತ್ತದೆ. ಮನೆಯಲ್ಲಿ ಮನೆ ಮಾತೇ ಆಡಿ, ಅದೂ ಕನ್ನಡವೇ, ಬರೆಯುವಾಗ ಮಾತ್ರ ಈ ಗಾಳಿ ನೆನಪಿರಲಿ ಅನ್ನುತ್ತಿದ್ದೆ. ನಿಮ್ಮ ಮಗಳ ಕ್ಲಾಸಿನಲ್ಲಿ ಹಳ್ಳಿ ಮಾತಿಗೆ ಯಾರೂ ನಗುವುದಿಲ್ಲ ತಾನೇ? ಅದನ್ನೂ ಕೇಳಿ ನೋಡಿ.

ಮನೆಯಲ್ಲಿ ಜಾಸ್ತಿ ಏನೂ ಬೇಡ. ಅಂಚೆ ಕಚೇರಿಯಲ್ಲಿ ಪೋಸ್ಟ್ ಕಾರ್ಡ್ ಈಗಲೂ 50 ಪೈಸೆ. ಐದು ರೂಪಾಯಿ ಕೊಟ್ಟರೆ ಹತ್ತು ಕಾರ್ಡ್. ಜಾಗ ಕಮ್ಮಿ ಇರುವುದರಿಂದ ಏನು ಬರೆಯಬೇಕು, ಏನು ಬಿಡಬೇಕು ಅಂತ ಮಗು ತಾನೇ ಯೋಚಿಸುತ್ತದೆ. 'ಮಾನ್ಯರೇ' ಬೇಡ ಅನ್ನಿ. 'ಅಜ್ಜಿ' ಅಂತ ಶುರು ಮಾಡಿ, ಅಜ್ಜಿ ಎದುರಿಗೇ ಕೂತಿದ್ದಾರೆ ಅಂದುಕೊಂಡು ಬರೆಯಲಿ.

ಗಂಜಾಂ ಕಡೆಯವರು, ಶ್ರೀರಂಗಪಟ್ಟಣ

ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಮ್ಮಂಥವರ ಕಷ್ಟವೂ ಇದೆ. ನಾನು ಗೂಡ್ಸ್ ಆಟೋ ಓಡಿಸುತ್ತೇನೆ, ನನ್ನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಮನೆಗೆ ಬರುವಾಗ ಎಂಟು ಗಂಟೆ. ಏಳನೇ ಕ್ಲಾಸಿನ ಮಗ ಗೈಡ್ ಇಟ್ಟುಕೊಂಡೇ ಓದುತ್ತಾನೆ. ಸ್ವಂತ ಬರೆದರೆ ಮಾರ್ಕ್ಸ್ ಕಟ್ ಮಾಡುತ್ತಾರೆ ಅಂತ ಹೆದರುತ್ತಾನೆ. ಗೈಡ್ ಕಿತ್ತುಕೊಂಡರೆ ಅವನಿಗೆ ಹೇಳಿಕೊಡುವವರು ಯಾರೂ ಇಲ್ಲ.

ನಿವೃತ್ತ ಕನ್ನಡ ಟೀಚರ್, ಸರಸ್ವತಿಪುರಂ

ಕಿತ್ತುಕೊಳ್ಳಬೇಡಿ ಅಪ್ಪಾ. ಮೊದಲು ಪಾಠ ಓದಿ, ಪುಸ್ತಕ ಮುಚ್ಚಿ, ಉತ್ತರ ತಾನೇ ಬರೆಯಲಿ. ಆಮೇಲೆ ಗೈಡ್ ತೆಗೆದು, ತನ್ನದರಲ್ಲಿ ಏನು ಬಿಟ್ಟುಹೋಗಿದೆ ಅಂತ ನೋಡಿ ಸೇರಿಸಲಿ. ಹಿಂದು ಮುಂದಾಗಬಾರದು ಅಷ್ಟೇ. ನೀವು ಬಂದು ಊಟಕ್ಕೆ ಕೂತಾಗ ಇವತ್ತಿನ ಪಾಠದ ಕಥೆ ಹೇಳು ಅನ್ನಿ. ನಿಮಗೆ ಗೊತ್ತಿಲ್ಲದ ಕಥೆಯಾದರೆ ಇನ್ನೂ ಒಳ್ಳೆಯದು. ಗೊತ್ತಿಲ್ಲದವರಿಗೆ ತಿಳಿಯುವ ಹಾಗೆ ಹೇಳುವುದೇ ಭಾಷೆ ಕಲಿಯುವ ದೊಡ್ಡ ಕೆಲಸ. ಮಾರ್ಕ್ಸ್ ಕಟ್ ಮಾಡುತ್ತಾರೆ ಅನ್ನುವ ಭಯವನ್ನು ಅವನ ಟೀಚರ್‌ಗೆ ನೀವೇ ಹೇಳಿ. ಎಷ್ಟೋ ಸಲ ನಮಗೆ ಅದು ಗೊತ್ತೇ ಇರುವುದಿಲ್ಲ.

ಕಲ್ಲಹಳ್ಳಿ ಅಮ್ಮ, ಮಂಡ್ಯ

ಶನಿವಾರ ಸಭೆಗೆ ಹೋಗಿ ಬಂದೆ. ಎಲ್ಲರ ಮುಂದೆ ಕೇಳದೆ ಕೊನೆಯಲ್ಲಿ ಒಬ್ಬಳೇ ನಿಂತು ಕೇಳಿದೆ. ಅಜ್ಜಿಗೆ ಬರೆದ ಕಾಗದವನ್ನೂ ತೋರಿಸಿದೆ. ಟೀಚರ್ ಎರಡು ಸಲ ಓದಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಕ್ಲಾಸಿನಲ್ಲಿ 54 ಮಕ್ಕಳು. ಎಲ್ಲರೂ ಬೇರೆ ಬೇರೆ ಬರೆದರೆ ತಿದ್ದುವುದಕ್ಕೆ ಸಮಯ ಸಿಗುವುದಿಲ್ಲ, ಅದಕ್ಕೇ ಬೋರ್ಡ್ ಮೇಲೆ ಬರೆಸುತ್ತೇನೆ ಅಂದರು. ಅವರು ಹೇಳಿದ್ದರಲ್ಲೂ ನಿಜ ಇದೆ. ಕೊನೆಗೆ, ಹದಿನೈದು ದಿನಕ್ಕೊಮ್ಮೆ ಒಂದು ಪುಟ ಸ್ವಂತ ಬರೆಸುತ್ತೇನೆ, ದಿನಕ್ಕೆ ಐದು ನೋಟ್ಸ್ ಮಾತ್ರ ನೋಡುತ್ತೇನೆ, ಆಗಬಹುದಾ ಅಂದರು. ಆಗಬಹುದು ಅಂದೆ. ಮೊದಲ ವಿಷಯ ಮಕ್ಕಳೇ ಆರಿಸಿದರಂತೆ: "ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ".

ಮಗಳು ಕಾರ್ಡ್ ಬರೆದಳು. "ಅಜ್ಜಿ, ಗಿಣ್ಣು ಮುಗಿದೋಯ್ತಾ? ಕರುಗೆ ಹಣೆ ಮೇಲೆ ಬಿಳಿ ಮಚ್ಚೆ ಇದೆ ಅಂತ ಮಾವ ಹೇಳಿದ್ರು. ಅದು ನಿನ್ನ ಸೆರಗು ಎಳೆಯುತ್ತಾ? ನಾನು ಬರೋವರೆಗೆ ಹೆಸರು ಇಡಬೇಡ." ಅಜ್ಜಿಗೆ ಓದಲು ಬರುವುದಿಲ್ಲ, ನಮ್ಮಣ್ಣ ಓದಿ ಹೇಳಿದ. ಅಜ್ಜಿ ಫೋನ್ ಮಾಡಿ, ಮಚ್ಚೆ ಹಣೆ ಮೇಲಲ್ಲ ಕಣವ್ವಾ, ಎಡಗಾಲ ಮೇಲೆ, ನಿಮ್ಮಾವ ಸರಿಯಾಗಿ ನೋಡಿಲ್ಲ ಅಂದರು. ಈಗ ಎರಡನೇ ಕಾರ್ಡ್ ಬರೆದು ಟೇಬಲ್ ಮೇಲಿಟ್ಟಿದ್ದಾಳೆ. ಅದರಲ್ಲಿ ಎರಡು ಕಡೆ ಒತ್ತು ಬಿಟ್ಟುಹೋಗಿದೆ. ತಿದ್ದಿಸಿ ಕಳಿಸಲಾ, ಹಾಗೇ ಕಳಿಸಲಾ ಮೇಡಂ?

ನಿವೃತ್ತ ಕನ್ನಡ ಟೀಚರ್, ಸರಸ್ವತಿಪುರಂ

ಡಬ್ಬಕ್ಕೆ ಹಾಕುವ ಮೊದಲು ಒಂದು ಸಲ ಗಟ್ಟಿಯಾಗಿ ಓದಲು ಹೇಳಿ ಅಮ್ಮಾ. ಅವಳ ಕಿವಿಗೇ ಸಿಕ್ಕರೆ ತಿದ್ದಲಿ. ಸಿಗದಿದ್ದರೆ ಹಾಗೇ ಹೋಗಲಿ. ಕರುವಿಗೆ ಏನು ಹೆಸರಿಟ್ಟಳು ಅಂತ ಮರೆಯದೆ ಇಲ್ಲಿ ಬರೆಯಿರಿ.