ಬೇರೆ ದೇಶದ ಊರಿನ ಜೊತೆ ಜನರೇ ನಂಟು ಕಟ್ಟುವಾಗ ಸಹಿ ಮೊದಲೋ, ಕೆಲಸ ಮೊದಲೋ?

ನದಿದಂಡೆ: ನಮ್ಮದು ಕೆರೆ, ನದಿ ಕಾಪಾಡುವ ಸಣ್ಣ ನಾಗರಿಕ ಗುಂಪು. ಇದೇ ಕೆಲಸದಲ್ಲಿರುವ ಬೇರೆ ದೇಶದ ಗುಂಪೊಂದು ಕೈಜೋಡಿಸಲು ಮುಂದೆ ಬಂದಿದೆ. ನಗರಾಡಳಿತದ ಮೂಲಕ ಸಿಸ್ಟರ್ ಸಿಟಿ ಒಪ್ಪಂದ (ಎರಡು ದೇಶಗಳ ಊರುಗಳು ಅಧಿಕೃತವಾಗಿ ಮಾಡಿಕೊಳ್ಳುವ ಸ್ನೇಹದ ಒಪ್ಪಂದ) ಆಗಲಿ, ಉಳಿದದ್ದು ಆಮೇಲೆ ಎನ್ನುತ್ತಾರೆ ಕೆಲವರು. ಎಲ್ಲಿಂದ ಶುರು ಮಾಡೋಣ? ಇಂಥ ನಂಟು ಮುರಿದುಬೀಳುವುದು ಯಾಕೆ?

ಸೇತುಬಂಧ: ಸಹಿಗೆ ಅವಸರ ಬೇಡ. ಮಾಡಲು ಕೆಲಸವಿಲ್ಲದ ಒಪ್ಪಂದ ಮೇಯರ್ ಬದಲಾದ ದಿನ ಕಡತ ಸೇರುತ್ತದೆ. ಮೊದಲ ಆರು ತಿಂಗಳಿಗೆ ಒಂದೇ ಒಂದು ಜಂಟಿ ಕೆಲಸ ಹಿಡಿಯಿರಿ. ತಿಂಗಳಿಗೊಮ್ಮೆ ಎರಡೂ ಕಡೆ ನೀರಿನ ಪಿಎಚ್ (ಆಮ್ಲೀಯತೆ-ಕ್ಷಾರೀಯತೆಯ ಅಳತೆ), ಉಷ್ಣಾಂಶ, ಕರಗಿದ ಆಮ್ಲಜನಕ ಅಳೆದು ಒಂದೇ ಹಾಳೆಯಲ್ಲಿ ತುಂಬಬಹುದು. ಕಿಟ್ ಒಂದೇ ಬಗೆಯದಿರಲಿ, ಆಯಾ ಊರಿನ ಗಡಿಯಾರದಲ್ಲಿ ಅಳೆಯುವ ಹೊತ್ತೂ ಒಂದೇ ಇರಲಿ. ಪಾಚಿ ಇರುವ ನೀರಿನಲ್ಲಿ ಆಮ್ಲಜನಕ ನಸುಕಿನಲ್ಲಿ ಕಡಿಮೆ, ಮಧ್ಯಾಹ್ನದ ಮೇಲೆ ಹೆಚ್ಚು. ಹೊತ್ತು ತಪ್ಪಿದರೆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ, ಆಮೇಲೆ ಯಾರ ಅಳತೆ ಸರಿ ಎಂಬ ಮನಸ್ತಾಪ ಶುರು.

ಸರ್ಕಾರಗಳಿಗೆ ಕಾಯಬೇಕಿಲ್ಲ. ಜರ್ಮನಿಯ ಲುಡ್‌ವಿಗ್ಸ್‌ಬರ್ಗ್ ಮತ್ತು ಫ್ರಾನ್ಸಿನ ಮಾಂಬೆಲಿಯಾರ್ 1950ರಲ್ಲೇ ನಂಟು ಬೆಳೆಸಿದವು. ಆ ಎರಡು ದೇಶಗಳ ಸರ್ಕಾರಗಳ ನಡುವಿನ ಸ್ನೇಹದ ಒಪ್ಪಂದ, ಅಂದರೆ ಎಲಿಸೆ ಒಪ್ಪಂದ, ಆದದ್ದು 1963ರಲ್ಲಿ.

ದುಭಾಷಿ: ಭಾಷೆಗೆ ಮೊದಲೇ ಸಮಯ ಎತ್ತಿಡಿ. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಅನುವಾದಿಸುವ ಪದ್ಧತಿಯಲ್ಲಿ ಒಂದು ಗಂಟೆಯ ಸಭೆಗೆ ಎರಡು ಗಂಟೆ ಹಿಡಿಯುತ್ತದೆ. ಕರೆ ಮುಗಿಸುವ ಮುನ್ನ ನಿರ್ಣಯಗಳನ್ನು ಎರಡೂ ಭಾಷೆಯಲ್ಲಿ ಓದಿ ಹೇಳಿ. "ನೋಡೋಣ" ಅಂದದ್ದನ್ನು ಆ ಕಡೆಯವರು "ಆಯ್ತು" ಅಂತ ಬರೆದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಭೆಯ ಹೊತ್ತನ್ನು ಯುಟಿಸಿಯಲ್ಲೂ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಬರೆಯಿರಿ, ಕೆಲವು ದೇಶಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಬದಲಾಗುತ್ತದೆ. ಸಂಪರ್ಕಕ್ಕೆ ಪ್ರತಿ ಕಡೆ ಕನಿಷ್ಠ ಇಬ್ಬರು ಬೇಕು. ಒಬ್ಬರ ಮೇಲ್‌ಬಾಕ್ಸ್‌ನಲ್ಲೇ ಎಲ್ಲ ಇದ್ದರೆ ಅವರು ಬಿಟ್ಟುಹೋದ ದಿನ ನಂಟೂ ಹೋಯಿತು.

ನದಿದಂಡೆ: ಹಣ? ಅವರು ನಮಗಿಂತ ಅನುಕೂಲಸ್ಥರು.

ಸಮಪಾಲು: ಮುರಿಯುವುದು ಹೆಚ್ಚಾಗಿ ಇಲ್ಲೇ. ಒಂದು ಕಡೆ ಕೊಡುತ್ತಲೇ, ಇನ್ನೊಂದು ಕಡೆ ಪಡೆಯುತ್ತಲೇ ಹೋದರೆ ಪಡೆಯುವವರು ಬೇಡ ಅನಿಸಿದ್ದನ್ನೂ ಬಾಯಿಬಿಟ್ಟು ಹೇಳಲಾರರು. ಪ್ರಯಾಣ ಬಂದವರದು, ಊಟ-ವಸತಿ ಕರೆದವರದು ಎಂಬುದು ಸರಳ ಸೂತ್ರ. ಟಿಕೆಟ್ ದರ ನಿಮಗೆ ಭಾರವಾದರೆ ಜಂಟಿ ನಿಧಿ ಮಾಡಿ, ಖರ್ಚಿಗೆ ಎರಡೂ ಕಡೆಯ ಒಪ್ಪಿಗೆ ಕಡ್ಡಾಯ ಮಾಡಿ. ಯಾರದೇ ಸ್ವಂತ ಖಾತೆಗೆ ದುಡ್ಡು ತರಿಸಬೇಡಿ. ಅನೇಕ ದೇಶಗಳಲ್ಲಿ ವಿದೇಶಿ ದೇಣಿಗೆಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ವೀಸಾ ಕೈಗೆ ಬರುವ ತನಕ ಹಣ ವಾಪಸಾಗದ ಟಿಕೆಟ್ ತೆಗೆಯಬೇಡಿ. ಆಹ್ವಾನಪತ್ರದಲ್ಲಿ ದಿನಾಂಕ, ಉಳಿಯುವ ವಿಳಾಸ, ಖರ್ಚು ಯಾರದು ಎಂಬುದು ಸ್ಪಷ್ಟವಾಗಿರಲಿ.

ಕೊಡುಗೆ ಅಂದರೆ ದುಡ್ಡೇ ಆಗಬೇಕಿಲ್ಲ. ಎರಡನೇ ಮಹಾಯುದ್ಧದ ನಡುವೆ ಇಂಗ್ಲೆಂಡಿನ ಕೊವೆಂಟ್ರಿಯ 830 ಮಹಿಳೆಯರು ತಮ್ಮ ಹೆಸರು ಕಸೂತಿ ಹಾಕಿದ ಮೇಜುಬಟ್ಟೆಯನ್ನು ಸೋವಿಯತ್ ಒಕ್ಕೂಟದ ಸ್ಟಾಲಿನ್‌ಗ್ರಾಡ್‌ಗೆ ಕಳಿಸಿದ್ದರು. 1944ರಲ್ಲಿ ಆ ಎರಡೂ ಊರುಗಳ ನಂಟು ಅಧಿಕೃತವಾಯಿತು.

ಸೇತುಬಂಧ: ಇನ್ನೊಂದು ಮಾತು. 2022ರಲ್ಲಿ ಯುರೋಪಿನ ಹಲವು ನಗರಗಳು ರಷ್ಯಾದ ಊರುಗಳ ಜೊತೆಗಿನ ಒಪ್ಪಂದಗಳನ್ನು ತಡೆಹಿಡಿದವು. ಎಲ್ಲವೂ ನಗರಾಡಳಿತದ ಮೂಲಕವೇ ನಡೆಯುತ್ತಿದ್ದರೆ ಅಂಥ ದಿನ ಜನರ ಸಂಪರ್ಕಕ್ಕೂ ಕುತ್ತು. ಹಾಗಾಗಿ ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ನೇರ ಸಂಪರ್ಕ ಈಗಲೇ ಬೆಳೆಸಿ. ದೇಶಗಳ ಸಂಬಂಧ ಹದಗೆಟ್ಟಾಗ ಆ ಕಡೆಯವರ ಹೆಸರು, ಫೋಟೊ ಬಹಿರಂಗವಾಗಿ ಹಾಕುವ ಮುನ್ನ ಅವರನ್ನೇ ಕೇಳಿ, ಅಪಾಯ ಇರುವುದು ಅವರಿಗೆ.