ರಷ್ಯನ್ ಟ್ರೋಲ್ ಡೇಟಾ: ಗೆಫಿಯಲ್ಲಿ ಬರೀ ಉಂಡೆ ಬರುತ್ತಿದೆ, ಗುಂಪು ಬೇರೆಯಾಗುತ್ತಿಲ್ಲ

ತುಂಗಾತೀರ:
ನಮಸ್ಕಾರ ಎಲ್ಲರಿಗೂ. ಸೇಂಟ್ ಪೀಟರ್ಸ್‌ಬರ್ಗ್‌ನ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಗೊತ್ತಲ್ಲ, 2016ರ ಅಮೆರಿಕ ಚುನಾವಣೆ ಹೊತ್ತಲ್ಲಿ ಸುಳ್ಳು ಖಾತೆ ಇಟ್ಟುಕೊಂಡು ಜಗಳ ಹಚ್ಚಿದ ಟ್ರೋಲ್ ಕಂಪನಿ. ಅದರ ಟ್ವೀಟ್‌ಗಳನ್ನು ಟ್ವಿಟರ್ 2018ರ ಅಕ್ಟೋಬರ್‌ನಲ್ಲಿ ಹೊರಗೆ ಬಿಟ್ಟಿತ್ತು. ಮೂರೂವರೆ ಸಾವಿರಕ್ಕೂ ಜಾಸ್ತಿ ಖಾತೆ, ಸುಮಾರು 90 ಲಕ್ಷ ಟ್ವೀಟ್. ಯಾವ ಖಾತೆಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು ಅಂತ ನೆಟ್‌ವರ್ಕ್ ಎಳೆದು ನೋಡಬೇಕು ಅನ್ನುವುದು ನನ್ನ ಆಸೆ.

ಸಿಎಸ್‌ವಿ ಫೈಲನ್ನು ಪಾಂಡಾಸ್‌ನಲ್ಲಿ (ಪೈಥಾನ್‌ನ ಟೇಬಲ್ ಲೈಬ್ರರಿ) ಓದಿ, ರಿಟ್ವೀಟ್‌ಗಳನ್ನು ಮಾತ್ರ ಉಳಿಸಿಕೊಂಡು, ರಿಟ್ವೀಟ್ ಮಾಡಿದವರಿಂದ ಮೂಲ ಬರೆದವರಿಗೆ ಒಂದೊಂದು ಗೆರೆ ಎಳೆದೆ. ನೆಟ್‌ವರ್ಕ್ ಚಿತ್ರ ಬಿಡಿಸುವ ಗೆಫಿಗೆ ಹಾಕಿ, ನಂಟಿರುವ ಖಾತೆಗಳನ್ನು ಹತ್ತಿರ ಕೂರಿಸುವ ಫೋರ್ಸ್ ಅಟ್ಲಾಸ್ 2 ಓಡಿಸಿದರೆ ಬರೀ ಉಂಡೆ, ಸುತ್ತ ಧೂಳು. ಗುಂಪು ಹುಡುಕುವ ಮಾಡ್ಯುಲಾರಿಟಿ ಒತ್ತಿದರೆ ಪ್ರತಿ ಸಲ ಬೇರೆ ಬೇರೆ ಗುಂಪು. ಇನ್ನೊಂದು ವಿಚಿತ್ರ ಏನಂದರೆ, ಟ್ರೋಲ್‌ಗಳು ತಮ್ಮತಮ್ಮಲ್ಲೇ ರಿಟ್ವೀಟ್ ಮಾಡಿಕೊಂಡಿದ್ದನ್ನು ಹುಡುಕಲು ಎರಡು ಐಡಿ ಕಾಲಂಗಳನ್ನೂ ಪಠ್ಯ ಮಾಡಿ ಜೋಡಿಸಿದೆ. ಉತ್ತರ ಖಾಲಿ. ಒಬ್ಬರನ್ನೊಬ್ಬರು ರಿಟ್ವೀಟ್ ಮಾಡಲೇ ಇಲ್ವಾ ಇವರು? ದಯವಿಟ್ಟು ಯಾರಾದರೂ ನೋಡಿ.

ಬಿಸಿಲೂರು:
ಫೋರ್ಸ್ ಅಟ್ಲಾಸ್ ಸೆಟ್ಟಿಂಗ್‌ನಲ್ಲಿ ಗ್ರ್ಯಾವಿಟಿ ಕಡಿಮೆ ಮಾಡಿ, ಲಿನ್‌ಲಾಗ್ ಟಿಕ್ ಮಾಡಿ, ಸ್ಕೇಲಿಂಗ್ ಜಾಸ್ತಿ ಕೊಡಿ. ಉಂಡೆ ಬಿಡಿಸಿಕೊಳ್ಳುತ್ತದೆ.

ಹಳೇ ಹುಲಿ:
ಅದರಿಂದ ಉಂಡೆ ಅಗಲ ಆಗುತ್ತದೆ, ಅಷ್ಟೇ. ತುಂಗಾತೀರ ಅವರೇ, ಮೊದಲು ನಿಮ್ಮ ಖಾಲಿ ಉತ್ತರ ನೋಡೋಣ. ಟ್ವೀಟ್ ಐಡಿ ಕಾಲಂ, ರಿಟ್ವೀಟ್ ಆದ ಟ್ವೀಟಿನ ಐಡಿ ಕಾಲಂ, ಎರಡರ ಮೊದಲ ನಾಲ್ಕೈದು ಸಾಲು ಪಠ್ಯ ಮಾಡಿದ ಮೇಲೆ ಹೇಗೆ ಕಾಣುತ್ತವೆ?

ತುಂಗಾತೀರ:
ಮೊದಲನೆಯದರಲ್ಲಿ ಉದ್ದಕ್ಕೆ 18 ಅಂಕಿ. ಎರಡನೆಯದರಲ್ಲಿ 7.8 ಅಂತ ಶುರುವಾಗಿ ಕೊನೆಗೆ ಇ ಪ್ಲಸ್ 17. ಓಹ್.

ಹಳೇ ಹುಲಿ:
ಅದೇ ನೋಡಿ. ಎಲ್ಲ ಟ್ವೀಟೂ ರಿಟ್ವೀಟ್ ಅಲ್ಲವಲ್ಲ, ಹಾಗಾಗಿ ಎರಡನೇ ಕಾಲಂನಲ್ಲಿ ಖಾಲಿ ಕೋಶ ತುಂಬಾ ಇವೆ. ಖಾಲಿ ಕಂಡರೆ ಪಾಂಡಾಸ್ ಇಡೀ ಕಾಲಂ ಅನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಬಿಡುತ್ತದೆ. ಆಮೇಲೆ ಪಠ್ಯ ಮಾಡಿದರೆ ಆ ಇ ಪ್ಲಸ್ 17 ಹಾಗೇ ಉಳಿಯುತ್ತದೆ. ಒಂದು ಕಡೆ ಪೂರ್ತಿ ಸಂಖ್ಯೆ, ಇನ್ನೊಂದು ಕಡೆ ಇದು. ಎಲ್ಲಿಂದ ಹೊಂದಬೇಕು? ಕೆಲವು ಐಡಿಗಳಲ್ಲಿ ಕೊನೆಯ ಅಂಕಿಗಳೇ ಬದಲಾಗುವುದೂ ಉಂಟು, ಯಾಕಂದರೆ ಫ್ಲೋಟ್ 9,007,199,254,740,992 ತನಕ ಮಾತ್ರ ಪ್ರತಿ ಪೂರ್ಣಾಂಕವನ್ನೂ ಸರಿಯಾಗಿ ಹಿಡಿಯಬಲ್ಲದು. ಫೈಲ್ ಓದುವಾಗಲೇ ಡಿಟೈಪ್ (ಕಾಲಂ ಯಾವ ಬಗೆ ಅನ್ನುವುದು) ಕೊಟ್ಟು ಐಡಿ ಕಾಲಂಗಳನ್ನೆಲ್ಲ ಸ್ಟ್ರಿಂಗ್, ಅಂದರೆ ಪಠ್ಯ ಅನ್ನಿ. ಓದಿದ ಮೇಲೆ ಮಾಡಿದರೆ ತಡವಾಯಿತು.

ಎಕ್ಸೆಲ್‌ನಲ್ಲಿ ಮಾತ್ರ ತೆರೆಯಲೇಬೇಡಿ. ಅದು 15 ಅಂಕಿ ಇಟ್ಟುಕೊಂಡು ಉಳಿದದ್ದಕ್ಕೆ ಸೊನ್ನೆ ಹಾಕುತ್ತದೆ. ಮೇಲಾಗಿ 10,48,576 ಸಾಲು ಆದ ಮೇಲೆ ಕತ್ತರಿ. 90 ಲಕ್ಷದಲ್ಲಿ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ.

ದೊಡ್ಡದೊಡ್ಡವರ ಫೈಲಲ್ಲೂ ಈ ಗಾಯ ಇದೆ. ಕ್ಲೆಮ್ಸನ್ ವಿಶ್ವವಿದ್ಯಾಲಯದ ಡ್ಯಾರೆನ್ ಲಿನ್ವಿಲ್, ಪ್ಯಾಟ್ರಿಕ್ ವಾರೆನ್ ಕಲೆಹಾಕಿದ ಸುಮಾರು 30 ಲಕ್ಷ ಟ್ರೋಲ್ ಟ್ವೀಟ್‌ಗಳನ್ನು ಅಮೆರಿಕದ ಸುದ್ದಿ ತಾಣ ಫೈವ್‌ಥರ್ಟಿಎಯ್ಟ್ 2018ರ ಜುಲೈನಲ್ಲಿ ಗಿಟ್‌ಹಬ್‌ಗೆ ಹಾಕಿತ್ತು. ಅದರಲ್ಲಿ 10_ಜಿಒಪಿ ಅನ್ನುವ ಖಾತೆಯ ಲೇಖಕರ ಐಡಿ ನೋಡಿ: 906000000000000000. ಅಷ್ಟು ದುಂಡಗಿನ ನಂಬರ್ ಯಾರಿಗೆ ಸಿಗುತ್ತದೆ ಸ್ವಾಮಿ? ಆ ಫೈಲನ್ನು ಲೇಖಕರ ಐಡಿ ಮೇಲೆ ಜೋಡಿಸಲು ಹೋದರೆ ಬೇರೆ ಬೇರೆ ಖಾತೆಗಳು ಒಂದೇ ಆಗಿಬಿಡುತ್ತವೆ.

ತುಂಗಾತೀರ:
ಸ್ಟ್ರಿಂಗ್ ಮಾಡಿ ಓದಿದೆ ಸರ್, ಈಗ ಜೋಡಿಗಳು ಸಿಗುತ್ತಿವೆ. ಪರಸ್ಪರ ರಿಟ್ವೀಟ್ ಚೆನ್ನಾಗಿಯೇ ಮಾಡಿಕೊಂಡಿದ್ದಾರೆ. ಆದರೆ ಪೂರ್ತಿ ಗ್ರಾಫ್ ಈಗಲೂ ಉಂಡೆಯೇ. ಗೆರೆಗಳು ಬಂದು ಸೇರುವ ಖಾತೆಗಳನ್ನು ಮೇಲೆ ತರುವ ಪೇಜ್‌ರ‍್ಯಾಂಕ್ ಹಾಕಿ ಪ್ರಭಾವಿ ಖಾತೆ ಹುಡುಕಲು ಹೋದರೆ ಮೇಲೆ ಬರುವುದೆಲ್ಲ ಪಟ್ಟಿಯಲ್ಲಿ ಇಲ್ಲದ ಹೊರಗಿನವರು.

ಗ್ರಾಫ್ ಗಿರಾಕಿ:
ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಫೈಲ್‌ನಲ್ಲಿ ಇರುವುದು ಟ್ರೋಲ್ ಖಾತೆಗಳು ಹಾಕಿದ ಟ್ವೀಟ್ ಮಾತ್ರ. ಅವರನ್ನು ಸಾಮಾನ್ಯ ಜನ ರಿಟ್ವೀಟ್ ಮಾಡಿದ್ದು ಸಾಲುಸಾಲಾಗಿ ಇದರಲ್ಲಿ ಇಲ್ಲ. ಅಂದರೆ ನಿಮ್ಮ ಗೆರೆಗಳೆಲ್ಲ ಒಳಗಿಂದ ಹೊರಕ್ಕೆ, ಅಥವಾ ಒಳಗಿಂದ ಒಳಕ್ಕೆ. ಹೊರಗಿಂದ ಒಳಕ್ಕೆ ಒಂದೂ ಬರುವುದಿಲ್ಲ. ಹಾಗಿದ್ದ ಮೇಲೆ ಪೇಜ್‌ರ‍್ಯಾಂಕ್‌ನಲ್ಲಿ ಹೊರಗಿನವರು ಮೇಲೆ ಬರದೆ ಇನ್ನೇನು? ಟ್ರೋಲ್‌ಗಳು ಯಾರನ್ನು ಎತ್ತಿ ಹಿಡಿದರು ಅಂತ ಇದರಿಂದ ಹೇಳಬಹುದು. ಟ್ರೋಲ್‌ಗಳ ಪ್ರಭಾವ ಎಷ್ಟಿತ್ತು ಅಂತ ಇದರ ನೆಟ್‌ವರ್ಕ್‌ನಿಂದ ಹೇಳಲು ಆಗುವುದಿಲ್ಲ. ಯಾವ ಅಲ್ಗಾರಿದಂ ತಂದರೂ ಇಷ್ಟೇ.

ಪ್ರಭಾವದ ಕಡೆಗೇ ಆಸಕ್ತಿ ಇದ್ದರೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೇಟ್ ಸ್ಟಾರ್‌ಬರ್ಡ್ ತಂಡ ಮಾಡಿದ ದಾರಿ ನೋಡಿ. ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚರ್ಚೆಯ ಟ್ವೀಟ್‌ಗಳನ್ನು ಅವರು ಮೊದಲೇ ಕೂಡಿಸಿಟ್ಟಿದ್ದರು. ಅದರ ರಿಟ್ವೀಟ್ ಗ್ರಾಫ್ ಎಳೆದಾಗ ಎಡದವರು ಒಂದು ಕಡೆ, ಬಲದವರು ಒಂದು ಕಡೆ ಬಂದರು. ಆಮೇಲೆ ಏಜೆನ್ಸಿಯ ಖಾತೆಗಳು ಎಲ್ಲಿ ಕೂತಿವೆ ಅಂತ ಗುರುತು ಹಾಕಿದರು. ಎರಡೂ ಕಡೆ ಇದ್ದವು. ಒಂದೇ ಆಫೀಸಿನವರು ಕಪ್ಪು ಜನರ ಪರ ಹೋರಾಟಗಾರರ ವೇಷದಲ್ಲೂ, ಅವರನ್ನು ಬೈಯುವವರ ವೇಷದಲ್ಲೂ. ಅಲ್ಲಿ ರಿಟ್ವೀಟ್ ಗ್ರಾಫ್ ಸರಿಯಾದ ಆಯುಧ, ಯಾಕಂದರೆ ಸುತ್ತಲಿನ ಜನರೂ ಡೇಟಾದಲ್ಲಿದ್ದರು.

ನಿಮ್ಮ ಪ್ರಶ್ನೆ ಬೇರೆ, ಒಟ್ಟಿಗೆ ಕೆಲಸ ಮಾಡಿದವರು ಯಾರು ಅಂತ. ಅದಕ್ಕೆ ಗೆರೆಯ ಅರ್ಥವನ್ನೇ ಬದಲಿಸಬೇಕು. ಯಾರು ಯಾರನ್ನು ರಿಟ್ವೀಟ್ ಮಾಡಿದರು ಅನ್ನುವುದನ್ನು ಬಿಡಿ. ಒಂದೇ ಟ್ವೀಟನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಿಟ್ವೀಟ್ ಮಾಡಿದ ಎರಡು ಖಾತೆಗಳ ನಡುವೆ ಗೆರೆ ಎಳೆಯಿರಿ. ಮದುವೆ ಮನೆಯಲ್ಲಿ ಯಾರು ಯಾರಿಗೆ ನಮಸ್ಕಾರ ಹಾಕಿದರು ಅಂತ ಬರೆದುಕೊಳ್ಳುವ ಬದಲು ಒಂದೇ ಕಾರಲ್ಲಿ ಬಂದಿಳಿದವರು ಯಾರು ಅಂತ ನೋಡಿದ ಹಾಗೆ.

ಇಲ್ಲಿ ಒಂದು ತೊಡಕು ಬರುತ್ತದೆ. ಈ ಫೈಲ್‌ನಲ್ಲಿ ಟ್ವೀಟಿನ ಸಮಯ ನಿಮಿಷದ ತನಕ ಮಾತ್ರ ಇದೆ, ಸೆಕೆಂಡ್ ಇಲ್ಲ. ಆದರೆ ಸೆಕೆಂಡ್ ಟ್ವೀಟ್ ಐಡಿಯೊಳಗೇ ಅಡಗಿದೆ! 2010ರ ನವೆಂಬರ್‌ನಿಂದ ಟ್ವಿಟರ್ ಐಡಿ ಕೊಡುವುದು ಸ್ನೋಫ್ಲೇಕ್ ಪದ್ಧತಿಯಲ್ಲಿ. ಐಡಿಯನ್ನು 4194304ರಿಂದ ಭಾಗಿಸಿ, ಶೇಷ ಬಿಟ್ಟು, ಬಂದದ್ದಕ್ಕೆ 1288834974657 ಕೂಡಿಸಿ. ಸಿಗುವುದು ಯೂನಿಕ್ಸ್ ಸಮಯ (1970ರ ಜನವರಿ 1ರಿಂದ ಎಣಿಸಿದ್ದು), ಮಿಲಿಸೆಕೆಂಡ್‌ನಲ್ಲಿ. ಈ ಲೆಕ್ಕಕ್ಕೆ ಮಾತ್ರ ಐಡಿಯನ್ನು ಪೂರ್ಣಾಂಕ ಮಾಡಿಕೊಳ್ಳಿ, ಜೋಡಿಸುವಾಗ ಸ್ಟ್ರಿಂಗೇ ಇರಲಿ. ರಿಟ್ವೀಟ್‌ಗೂ ತನ್ನದೇ ಐಡಿ ಇರುತ್ತದೆ, ನಿಮಗೆ ಬೇಕಾದ್ದು ಅದು. ಮೂಲ ಟ್ವೀಟಿನ ಐಡಿಗೆ ಈ ಲೆಕ್ಕ ಹಾಕಿದರೆ ಎಲ್ಲರೂ ಒಂದೇ ಕ್ಷಣದಲ್ಲಿ ರಿಟ್ವೀಟ್ ಮಾಡಿದ ಹಾಗೆ ಕಾಣುತ್ತದೆ.

60 ಸೆಕೆಂಡಿನಿಂದ ಶುರು ಮಾಡಿ. ಆಮೇಲೆ 10, ಆಮೇಲೆ 300 ಇಟ್ಟು ನೋಡಿ. ಸಮಯ ಬದಲಿಸಿದ ಕೂಡಲೇ ಗುಂಪು ಮಾಯ ಆದರೆ ಅದನ್ನು ನಂಬಬೇಡಿ. ಎರಡು ಖಾತೆ ಒಂದೇ ಸಲ ಹೊಂದಿಕೊಂಡಿದ್ದನ್ನು ಕೈಬಿಡಿ, ಪದೇ ಪದೇ ಆಗಿದ್ದನ್ನು ಇಟ್ಟುಕೊಳ್ಳಿ. ಹೆಚ್ಚು ಖಾತೆಗಳು ರಿಟ್ವೀಟ್ ಮಾಡಿದ ಟ್ವೀಟ್‌ಗೆ ಕಡಿಮೆ ತೂಕ, ಹೆಚ್ಚು ಜನ ಮುಟ್ಟದ ಟ್ವೀಟ್‌ಗೆ ಜಾಸ್ತಿ ತೂಕ ಕೊಡಿ. ಟ್ರಂಪ್ ಟ್ವೀಟನ್ನು ಇಬ್ಬರು ಒಂದೇ ನಿಮಿಷದಲ್ಲಿ ಹಂಚಿದರೆ ಅದರಲ್ಲೇನೂ ವಿಶೇಷ ಇಲ್ಲ, ಅಲ್ವಾ?

ಬಿಸಿಲೂರು:
ಎಷ್ಟು ಸಲ ಅಂದರೆ ಪದೇ ಪದೇ? ಗಡಿ ಎಲ್ಲಿ ಹಾಕುವುದು? ಸುಮ್ನೆ ಕಣ್ಣಂದಾಜಿನಲ್ಲಿ ಹಾಕಿದರೆ ಬೇಕಾದ ಚಿತ್ರ ಬರಿಸಬಹುದಲ್ಲ.

ಗ್ರಾಫ್ ಗಿರಾಕಿ:
ಒಳ್ಳೇ ಪ್ರಶ್ನೆ. ಬಹಳ ಜನ ಎಡವುವುದೇ ಇಲ್ಲಿ. ರಿಟ್ವೀಟ್‌ಗಳನ್ನು ಕಲಸಿ: ಪ್ರತಿ ಖಾತೆ ಎಷ್ಟು ರಿಟ್ವೀಟ್ ಮಾಡಿತ್ತೋ ಅಷ್ಟೇ ಇರಲಿ, ಪ್ರತಿ ಟ್ವೀಟ್ ಎಷ್ಟು ಸಲ ರಿಟ್ವೀಟ್ ಆಗಿತ್ತೋ ಅಷ್ಟೇ ಇರಲಿ, ಯಾರು ಯಾವುದನ್ನು ಅನ್ನುವುದನ್ನು ಮಾತ್ರ ಅದಲುಬದಲು ಮಾಡಿ. ಅದೇ ದಿನದೊಳಗೆ ಅದಲುಬದಲಾದರೆ ಇನ್ನೂ ಒಳ್ಳೆಯದು. ಹೀಗೆ ನೂರಾರು ಸಲ ಕಲಸಿ, ಬರೀ ಅದೃಷ್ಟದಿಂದ ಎಷ್ಟು ಭಾರದ ಗೆರೆ ಹುಟ್ಟುತ್ತದೆ ನೋಡಿ. ಅದಕ್ಕಿಂತ ಸಾಕಷ್ಟು ಮೇಲಿರುವ ಗೆರೆ ಮಾತ್ರ ಉಳಿಸಿ. ಉಂಡೆ ತಾನಾಗಿ ಒಡೆಯುತ್ತದೆ, ಗ್ರ್ಯಾವಿಟಿ ಮುಟ್ಟಬೇಕಾಗಿಲ್ಲ.

ಇಷ್ಟಕ್ಕೂ ಮೊದಲು ಭಾಷೆಯ ಕಾಲಂ ನೋಡಿ ಇಂಗ್ಲಿಷ್ ಬೇರೆ, ರಷ್ಯನ್ ಬೇರೆ ಮಾಡಿ. ಈ ಟ್ವೀಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯನ್. ಬೇರೆ ಮಾಡದಿದ್ದರೆ ನಿಮಗೆ ಸಿಗುವ ದೊಡ್ಡ ಎರಡು ಗುಂಪು ಎರಡು ಭಾಷೆ, ಅದಕ್ಕೆ ನೆಟ್‌ವರ್ಕ್ ಬೇಕಾ?

ಹಳೇ ಹುಲಿ:
ಮಾಡ್ಯುಲಾರಿಟಿ ಪ್ರತಿ ಸಲ ಬದಲಾಗುವುದಕ್ಕೆ ಉತ್ತರ ಬಾಕಿ ಉಳಿಯಿತು. ಗೆಫಿಯಲ್ಲಿರುವುದು 2008ರ ಲೂವೇನ್ ವಿಧಾನ. ಅದು ಖಾತೆಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳುತ್ತದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸ್ವಲ್ಪ ಬದಲಾದರೆ ಚಿಂತೆಯಿಲ್ಲ. ಪೂರ್ತಿ ಬದಲಾದರೆ ಗುಂಪೇ ಇಲ್ಲ ಅಂತ ತಿಳಿಯಿರಿ. ಅನೇಕ ಸಲ ಓಡಿಸಿ, ಯಾವ ಜೋಡಿ ಖಾತೆ ಯಾವಾಗಲೂ ಒಂದೇ ಗುಂಪಿಗೆ ಬೀಳುತ್ತದೆ ಅಂತ ಲೆಕ್ಕ ಇಡಿ. 2019ರಲ್ಲಿ ಬಂದ ಲೈಡನ್ ವಿಧಾನ ಇದಕ್ಕಿಂತ ವಾಸಿ. ಲೂವೇನ್ ಕೆಲವೊಮ್ಮೆ ಒಳಗೊಳಗೇ ಕಡಿದುಹೋದ ಗುಂಪನ್ನೂ ಒಂದೇ ಅಂತ ಕೊಡುತ್ತದೆ, ಲೈಡನ್ ಹಾಗೆ ಮಾಡುವುದಿಲ್ಲ.

ಎಡವುವ ಜಾಗ ಇನ್ನೊಂದಿದೆ. ಗೆಫಿಯಲ್ಲಿ ಗುಂಪಿನ ಗಾತ್ರ ಬದಲಿಸುವ ರೆಸಲ್ಯೂಷನ್ 1ಕ್ಕಿಂತ ಕಡಿಮೆ ಮಾಡಿದರೆ ಸಣ್ಣ ಗುಂಪುಗಳು ಜಾಸ್ತಿ ಬರುತ್ತವೆ. ಪೈಥಾನ್‌ನ ನೆಟ್‌ವರ್ಕ್‌ಎಕ್ಸ್ ಲೈಬ್ರರಿಯಲ್ಲಿ ಉಲ್ಟಾ, ಜಾಸ್ತಿ ಮಾಡಿದರೆ ಸಣ್ಣ ಗುಂಪು. ಒಂದರಿಂದ ಇನ್ನೊಂದಕ್ಕೆ ಹೋದವರೆಲ್ಲ ಇಲ್ಲಿ ತಲೆ ಕೆರೆದುಕೊಂಡವರೇ.

ತುಂಗಾತೀರ:
ಇಂಗ್ಲಿಷ್ ಮಾತ್ರ ಇಟ್ಟು, ಐಡಿಯಿಂದ ಸೆಕೆಂಡ್ ತೆಗೆದು, ಕಲಸಿ ಗಡಿ ಹಾಕಿದೆ. ಉಂಡೆ ಹೋಯಿತು! ಗುಂಪುಗಳು ಮತ್ತೆ ಮತ್ತೆ ಓಡಿಸಿದರೂ ನಿಲ್ಲುತ್ತಿವೆ. ಆದರೆ ಷಿಕಾಗೋ ಡೈಲಿ ನ್ಯೂಸ್ ಥರದ ಹೆಸರಿಟ್ಟುಕೊಂಡ ಸುಳ್ಳು ಊರ ಪತ್ರಿಕೆ ಖಾತೆಗಳು ಗ್ರಾಫಲ್ಲಿ ಕಾಣುತ್ತಲೇ ಇಲ್ಲ.

ಗ್ರಾಫ್ ಗಿರಾಕಿ:
ಅವು ಹೆಚ್ಚಾಗಿ ತಾವೇ ಹೆಡ್‌ಲೈನ್ ಹಾಕುತ್ತಿದ್ದವು, ರಿಟ್ವೀಟ್ ಮಾಡುತ್ತಿರಲಿಲ್ಲ. ರಿಟ್ವೀಟ್ ಮೇಲೆ ಎಳೆದ ಗ್ರಾಫಲ್ಲಿ ಎಲ್ಲಿ ಸಿಗುತ್ತವೆ? ಅವಕ್ಕೆ ಒಂದೇ ಲಿಂಕ್ ಅಥವಾ ಒಂದೇ ಸಾಲಿನ ಪಠ್ಯ ಒಂದೇ ಹೊತ್ತಿಗೆ ಹಾಕಿದ್ದರ ಮೇಲೆ ಇನ್ನೊಂದು ಗ್ರಾಫ್ ಎಳೆಯಿರಿ. ಟ್ವೀಟ್ ಯಾವ ಆ್ಯಪ್‌ನಿಂದ ಬಂತು ಅನ್ನುವ ಕಾಲಂ ಕೂಡ ಇದೆ, ಅದನ್ನೂ ಪಕ್ಕದಲ್ಲಿಟ್ಟು ನೋಡಿ. ಟ್ವಿಟರ್‌ಫೀಡ್ ಥರದ ತಾನಾಗಿ ಪೋಸ್ಟ್ ಮಾಡುವ ಸೇವೆ ಕಂಡರೆ ವಿಷಯ ಅರ್ಥವಾಗುತ್ತದೆ. ಎಲ್ಲ ಗ್ರಾಫ್‌ಗಳನ್ನೂ ಕಲೆಸಿ ಒಂದು ಮಾಡಬೇಡಿ.

ಗುಂಪು ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಲಿನ್ವಿಲ್, ವಾರೆನ್ ಅವರೇ ಟ್ವೀಟ್ ಓದಿ ಖಾತೆಗಳಿಗೆ ಕೊಟ್ಟ ಹೆಸರುಪಟ್ಟಿ ಇದೆ: ಬಲ ಟ್ರೋಲ್, ಎಡ ಟ್ರೋಲ್, ಸುದ್ದಿ ಖಾತೆ, ಹ್ಯಾಷ್‌ಟ್ಯಾಗ್ ಆಟದವರು, ಭಯ ಹುಟ್ಟಿಸುವವರು. ಟ್ವೀಟ್ ಐಡಿ ಮೇಲೆ ಜೋಡಿಸಿ ಹೋಲಿಸಿ. ಲೇಖಕರ ಐಡಿ ಕಥೆ ಮೇಲೆ ಓದಿದಿರಲ್ಲ.

ಬಿಸಿಲೂರು:
ಇದೇ ಲೆಕ್ಕವನ್ನು ನಮ್ಮ ಕನ್ನಡ ಹ್ಯಾಷ್‌ಟ್ಯಾಗ್‌ಗಳಿಗೆ ಹಾಕಿದರೆ ಹೇಗೆ? ನಮ್ಮಲ್ಲೂ ರಾಜಕೀಯ ಟ್ರೆಂಡ್‌ಗಳು ಬೆಳಗ್ಗೆ ಒಂದೇ ಸಲಕ್ಕೆ ಏಳುತ್ತವಲ್ಲ.

ಹಳೇ ಹುಲಿ:
ಹಾಕಿ ನೋಡಿ, ಮೊದಲು ಸಿಗುವವರು ಸಿನಿಮಾ ಹೀರೋಗಳ ಅಭಿಮಾನಿಗಳು. ಬರ್ತ್‌ಡೇಗೆ ಇಂಥ ಹೊತ್ತಿಗೆ ಇಂಥ ಟ್ಯಾಗ್ ಅಂತ ಮೊದಲೇ ಹೇಳಿಟ್ಟಿರುತ್ತಾರೆ, ಎಲ್ಲರೂ ಕಾಪಿ ಪೇಸ್ಟ್. ಗ್ರಾಫ್ ನೋಡಿದರೆ ಪಕ್ಕಾ ಟ್ರೋಲ್ ಫ್ಯಾಕ್ಟರಿ. ಆದರೆ ಎಲ್ಲರೂ ನಿಜವಾದ ಹುಡುಗರು, ಯಾರೂ ದುಡ್ಡು ಕೊಟ್ಟಿಲ್ಲ. ಒಟ್ಟಿಗೆ ಮಾಡಿದರು ಅನ್ನುವುದಷ್ಟೇ ಗ್ರಾಫಿಂದ ಗೊತ್ತಾಗುವುದು. ಸುಳ್ಳು ಖಾತೆಯಾ, ಯಾರು ನಡೆಸುತ್ತಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು. ಏಜೆನ್ಸಿಯ ಖಾತೆಗಳ ವಿಷಯದಲ್ಲಿ ಆ ಕೆಲಸ ಟ್ವಿಟರ್ ಒಳಗಿಂದ ಮಾಡಿ ಕೊಟ್ಟಿತ್ತು.

ಡೇಟಾ ಎಲ್ಲಿಂದ ತರುತ್ತೀರಿ ಅನ್ನುವುದು ಇನ್ನೊಂದು. ಸಂಶೋಧಕರಿಗೆ ಇದ್ದ ಟ್ವಿಟರ್‌ನ ಬಿಟ್ಟಿ ಎಪಿಐ (ಡೇಟಾ ಇಳಿಸಿಕೊಳ್ಳುವ ದಾರಿ) 2023ರಲ್ಲಿ ಹೋಯಿತು. ಪೋಸ್ಟ್‌ಗಳ ಜಾಡು ಹಿಡಿಯುವ ಫೇಸ್‌ಬುಕ್‌ನ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಅದಕ್ಕೇ ಇವತ್ತಿಗೂ ಕಲಿಯುವವರು ಈ ಹಳೇ ಫೈಲ್‌ಗೇ ಬರುವುದು.

ತುಂಗಾತೀರ:
ಅಭಿಮಾನಿಗಳ ಡೇಟಾ ಯಾರ ಹತ್ತಿರವಾದರೂ ಇದ್ದರೆ ಹೋಲಿಸಲು ಬೇಕಿತ್ತು. ನಾನು ಲೈಡನ್ ಓಡಿಸಿ, ಗೆರೆಗಳ ಪಟ್ಟಿ ಮತ್ತು ಕೋಡ್ ಎರಡನ್ನೂ ಇಲ್ಲಿ ಹಾಕುತ್ತೇನೆ. ಕೆಲವು ಖಾತೆಗಳ ಹೆಸರಿನ ಬದಲು ಉದ್ದನೆಯ ಅಕ್ಷರಮಾಲೆ ಇದೆ, ಅವಕ್ಕೆ ಹಳೇ ಪಟ್ಟಿ ನೋಡಿ ಹೆಸರು ತುಂಬಿಸಲಾ?

ಗ್ರಾಫ್ ಗಿರಾಕಿ:
ತುಂಬಿಸಬೇಡಿ. 5,000ಕ್ಕಿಂತ ಕಡಿಮೆ ಫಾಲೋವರ್ಸ್ ಇದ್ದ ಖಾತೆಗಳ ಹೆಸರನ್ನು ಟ್ವಿಟರ್ ಬೇಕಂತಲೇ ಮುಚ್ಚಿದ್ದು. ಯಾರದೋ ನಿಜವಾದ ಖಾತೆ, ಹ್ಯಾಕ್ ಆದ ಖಾತೆ ಪಟ್ಟಿಗೆ ಬಂದಿದ್ದರೆ ಅವರಿಗೆ ತೊಂದರೆ ಆಗಬಾರದು ಅಂತ. ಅಕ್ಷರಮಾಲೆಯೇ ಗುರುತಾಗಿ ಸಾಕು, ಗ್ರಾಫ್‌ಗೆ ಹೆಸರು ಬೇಕಾಗಿಲ್ಲ. ಬೇರೆಯವರು ಓಡಿಸಿದರೂ ಅದೇ ಉತ್ತರ ಬರಲಿ ಅಂತ ಕೋಡ್ ಜೊತೆಗೆ ರ‍್ಯಾಂಡಮ್ ಸೀಡ್ ನಂಬರನ್ನೂ ಬರೆದು ಹಾಕಿ.